ಮಾವ ಸತ್ತ ತಾರೀಖು

“ಮಾವ ಸತ್ತ ಅಂತ ಯಾರೇ ಹೇಳಿದ್ದು ನಿಂಗೆ?”

ವೆಲ್ಡಿಂಗ್ ಅಂಗಡಿಯಿಂದ ಬಂದ ತಮ್ಮ ಕೈ ಕೂಡ ತೊಳೆಯದೆ ಅಕ್ಕನ ಕಂಪ್ಯೂಟರಿನ ಮುಂದೆ ನಿಂತುಬಿಟ್ಟಿದ್ದ. ಪರದೆಯ ಮೇಲೆ ಅಕ್ಕ ವರ್ಷಗಟ್ಟಲೆ ಕೂತು ಅಂತರ್ಜಾಲದ ತನ್ನ ಪುಟದಲ್ಲಿ ಕಟ್ಟಿದ ವಂಶವೃಕ್ಷ. ನಾಳೆ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ತೂಗುಹಾಕುವವಳಿದ್ದಳು. ಅದರಲ್ಲಿ ಅಮ್ಮನ ಅಣ್ಣನ ಹೆಸರಿನ ಕೆಳಗೆ ಹುಟ್ಟಿದ ದಿನ, ಪಕ್ಕದಲ್ಲೇ ಸತ್ತ ದಿನ. ಯಾರ ಜೊತೆಗೋ ಕಿತ್ತಾಡಿ ಊರು ಬಿಟ್ಟು ಆಮೇಲೆ ಸುದ್ದಿಯೇ ಇಲ್ಲದ ಆ ಮಾವನೇ, ಶಾಲೆ ಬಿಟ್ಟು ಬೀದಿ ಸುತ್ತುತ್ತಿದ್ದ ಇವನ ಕೈಗೆ ಮೊದಲು ಕೆಲಸ ಹಿಡಿಸಿದವನು.

“ಸುಮ್ಸುಮ್ನೆ ಹಾಕ್ತೀನೇನೋ? ಆಧಾರ ಇಲ್ದೆ ನಾನು ಒಂದಕ್ಷರ ಬರೆಯೋಳಲ್ಲ,” ಅಂದ ಅಕ್ಕ ತಾರೀಖಿನ ಮೇಲೆ ಒತ್ತಿದಳು. ಸಣ್ಣ ಅಕ್ಷರಗಳು ಮೂಡಿದವು: ಚಿಕ್ಕಮ್ಮನ ಮಗ ಅಂತರ್ಜಾಲದಲ್ಲಿ ಮಾಡಿದ ಪುಟ.

“ಆ ಬಾಯಿಬಡುಕನಿಗೆ ಯಾರು ಹೇಳಿದ್ರಂತೆ?”

ಅಕ್ಕ ಅವನ ಪುಟ ತೆರೆದಳು. ಅಲ್ಲೂ ಸಣ್ಣ ಅಕ್ಷರ: ‘ದೊಡ್ಡಮ್ಮನೇ ಹೇಳಿದ್ದು.’

ಇಬ್ಬರೂ ಅಮ್ಮನ ಕಡೆ ತಿರುಗಿದರು. ಬಟ್ಟೆ ಮಡಚುತ್ತಿದ್ದ ಅಮ್ಮ ಬೆಪ್ಪಾದಳು. “ನಾನಾ? ನಂಗೆ ನಿಮ್ಮ ಚಿಕ್ಕಮ್ಮ ಫೋನ್ ಮಾಡಿ ಹೇಳಿದ್ದು ಕಣ್ರೋ, ತಾರೀಖಿನ ಸಮೇತ. ಆಮೇಲೆ ಅವಳ ಮಗ ಬಂದು, ನಿಜಾನಾ ದೊಡ್ಡಮ್ಮ ಅಂದ. ಅಳ್ತಾ ಕೂತಿದ್ದೆ, ಹೂಂ ಅಂದೆ. ನೀನು ನೊಂದ್ಕೋತೀಯ ಅಂತ ನಿಂಗೆ ಮಾತ್ರ ಹೇಳಿರಲಿಲ್ಲ ಕಣೋ.”

ತಮ್ಮ ಆಗಲೇ ಚಿಕ್ಕಮ್ಮನಿಗೆ ಫೋನ್ ಹಚ್ಚಿದ್ದ. ಅವಳ ದನಿ ಕೋಣೆಯೆಲ್ಲ ಕೇಳಿಸಿತು. “ನಂಗ್ಯಾರೋ ಹೇಳ್ತಾರೆ, ಪುಣ್ಯಾತ್ಮ? ನಿಮ್ಮಕ್ಕನ ಪುಟದಲ್ಲೇ ನೋಡಿದ್ದು. ಅವಳು ಓದಿದೋಳು, ಸುಳ್ಳು ಬರೀತಾಳಾ?”

“ನನ್ನ ಪುಟದಲ್ಲಾ? ನಾನು ನಿಮ್ಮ ಮಗನದ್ದು ನೋಡಿ ಬರೆದದ್ದಲ್ವಾ ಚಿಕ್ಕಮ್ಮ!” ಅಕ್ಕ ಎದ್ದು ನಿಂತಳು.

ತಮ್ಮನಿಗೆ ಮೈಯೆಲ್ಲ ಉರಿದುಹೋಯಿತು. “ನಿನ್ನ ನೋಡಿ ಚಿಕ್ಕಮ್ಮ, ಚಿಕ್ಕಮ್ಮನ್ನ ಕೇಳಿ ಅಮ್ಮ, ಅಮ್ಮನ್ನ ಕೇಳಿ ಅವನು, ಅವನ್ನ ನೋಡಿ ನೀನು! ಎಲ್ರೂ ಸೇರಿ ಮಣ್ಣು ಮಾಡಿಬಿಟ್ರಲ್ಲೇ ಮಾವನ್ನ! ಹೆಣ ನೋಡಿದೋರು ಒಬ್ರಾದ್ರೂ ಇದ್ದೀರಾ?”

“ಹಾಗಾದ್ರೆ ಮೊದ್ಲು ಬರೆದಿದ್ದು ಯಾರೋ?” ಅಕ್ಕ ತಲೆ ಹಿಡಿದುಕೊಂಡು ಕೂತಳು.

ಅವನು ಮಸಿ ಹತ್ತಿದ ಬೆರಳಿನಿಂದಲೇ ಕೀಲಿ ಒತ್ತಿ ತಾರೀಖು ಅಳಿಸಿಹಾಕಿದ. ಖಾಲಿಯಾದ ಜಾಗದಲ್ಲಿ ತಟಕ್ಕನೆ ಬೇರೇನೋ ಮೂಡಿತು. ಅಮ್ಮ ಬಟ್ಟೆ ಬಿಟ್ಟು ಬಂದು, ಪರದೆಗೆ ಮೂಗು ತಾಗುವಷ್ಟು ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

“ಜೀ-ವಂತ. ವಯಸ್ಸು ಅರವತ್ತೆಂಟು.”

“ಅಮ್ಮಾ, ಸತ್ತ ದಿನ ಹಾಕದಿದ್ರೆ ಕಂಪ್ಯೂಟರ್ ತಾನಾಗೇ ಹಾಗೆ ಲೆಕ್ಕ ಹಾಕಿಕೊಳ್ಳತ್ತೆ. ಅದಕ್ಕೂ ಆಧಾರ ಇಲ್ಲಮ್ಮ,” ಅಂದಳು ಅಕ್ಕ.

ಅಮ್ಮನಿಗೆ ಕೇಳಿಸಲೇ ಇಲ್ಲ. ಸೆರಗಿನಿಂದ ಪರದೆಯನ್ನೊಮ್ಮೆ ಒರೆಸಿದಳು. “ಇನ್ನೂ ಸ್ವಲ್ಪ ಕೆಳಗೆ ನೋಡೇ,” ಎಂದಳು. “ಎಲ್ಲಿದ್ದಾನಂತೆ?”