ಅರ್ಧ ಗುಳಿಗೆ

ಗದಗಿನಲ್ಲಿ ಈಗ ವಾರಕ್ಕೊಮ್ಮೆಯಾದರೂ ಸೈಬರ್ ದಾಳಿಯ ಸೈರನ್ ಕೂಗುತ್ತದೆ. ಕೂಗಿದೊಡನೆ ಔಷಧಿ ಅಂಗಡಿಯ ಶಮೀಮಾ ಕಂಪ್ಯೂಟರಿನ ವೈರು ಕಿತ್ತು, ಗಿರಾಕಿಗಳ ಗುಳಿಗೆಯ ವಿವರ ಬರೆದಿಟ್ಟ ನೋಟ್‌ಬುಕ್ ತೆರೆಯುತ್ತಾಳೆ. ದಾಳಿಕೋರರು ಏನನ್ನೂ ಕದಿಯುವುದಿಲ್ಲ, ಅಂಕಿಗಳನ್ನು ಬದಲಿಸಿ ಹೋಗುತ್ತಾರೆ.

ಆ ಬೆಳಿಗ್ಗೆ ಸೈರನ್ ನಿಂತ ಮೇಲೆ ಬಸಲಿಂಗವ್ವ ಹೃದಯದ ಗುಳಿಗೆಗೆ ಬಂದಳು. ಶಮೀಮಾ ಕಂಪ್ಯೂಟರ್ ಮತ್ತೆ ಚಾಲೂ ಮಾಡಿ ತಾಳೆ ನೋಡಿದಳು. ಪರದೆಯಲ್ಲಿ ದಿನಕ್ಕೆ ಅರ್ಧ ಗುಳಿಗೆ ಎಂದಿತ್ತು, ನೋಟ್‌ಬುಕ್ಕಿನಲ್ಲಿ ಎರಡು. ನೋಟ್‌ಬುಕ್ಕನ್ನೇ ನಂಬಬೇಕೆಂಬುದು ಅವಳದೇ ನಿಯಮ. ಆದರೆ ಅದನ್ನು ಹೋದ ತಿಂಗಳು ಪರದೆ ನೋಡಿಯೇ ಬರೆದಿದ್ದಳು. ಅಂದು ಅಂಕಿ ಕೆಟ್ಟಿದ್ದು, ಆಮೇಲೆ ಸರಿಹೋಗಿದ್ದರೆ?

“ಅಜ್ಜಿ, ದಿನಾ ಎಷ್ಟ್ ಗುಳಿಗಿ ನುಂಗ್ತೀರಿ?”

“ನೀ ಹೇಳಿದಂಗ ಎರಡು, ಯವ್ವಾ. ಈಗೀಗ ಯಾಕೋ ಕಣ್ಣಿಗೆ ಕತ್ಲಿ ಬರ್ತೈತಿ.”

ಶಮೀಮಾ ಅಂಗಡಿ ಮುಚ್ಚಿ, ಅಜ್ಜಿಯನ್ನು ಆಟೋದಲ್ಲಿ ಕೂರಿಸಿಕೊಂಡು ಡಾಕ್ಟರರ ಬಳಿಗೆ ಓಡಿದಳು.

ಡಾಕ್ಟರು ನಾಡಿ ಹಿಡಿದು ನೋಡಿದವರೇ ಅಜ್ಜಿಯನ್ನು ಮಲಗಿಸಿದರು. “ನಾ ಬರ್ದಿದ್ದು ಅರ್ಧಾನ, ಯವ್ವಾ. ಪುಣ್ಯಾಕ್ಕ ಇವತ್ತರ ಕರ್ಕೊಂಡು ಬಂದಿ. ಉಳೀತಾರ.”

ಹೊರಗಿನ ಬೆಂಚಿನ ಮೇಲೆ ಕುಳಿತು ಶಮೀಮಾ ನೋಟ್‌ಬುಕ್ ತಿರುವಿದಳು. ಅಜ್ಜಿಯದನ್ನು ಬರೆದ ದಿನವೇ ಬರೆದ ಹೆಸರುಗಳು ಇನ್ನೂ ನಲವತ್ತಿದ್ದವು. ಮೊದಲನೆಯವರಿಗೆ ಫೋನ್ ಹಚ್ಚಿದಳು. ಅತ್ತ ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ.