ಮಧ್ಯಾಹ್ನ ಒಂದು ಗಂಟೆ

ಗಂಡ ತೀರಿಕೊಂಡು ಎರಡು ವರ್ಷವಾದರೂ ಆಕೆ ಅವನ ಕಂಪ್ಯೂಟರನ್ನು ಬಿಟ್ಟಿರಲಿಲ್ಲ.

"ಇದು ಮುದಿಯಾಗಿದೆ ಅಕ್ಕ, ಹೊಸದು ತಗೊಳ್ಳಿ" ಎಂದ ರಿಪೇರಿಯವನು.

"ಬೇಡ. ಭಾರವಿಲ್ಲದ ಆಂಟಿವೈರಸ್ ಒಂದು ಹಾಕಿಕೊಡಿ. ಬೆಳಿಗ್ಗೆ ಹಚ್ಚಿದ್ದು ಮಧ್ಯಾಹ್ನ ಒಂದು ಗಂಟೆಯೊಳಗೆ ತೆರೆದುಕೊಂಡರೆ ಸಾಕು."

ಇರುವುದರಲ್ಲೇ ಹಗುರವಾದದ್ದನ್ನು ಹುಡುಕಿ ಹಾಕಿದ. ಸಂಜೆ ಆಕೆ ಬಂದಾಗ ಅವನ ಮುಖ ಅರಳಿತ್ತು.

"ಈಗ ಎರಡೇ ನಿಮಿಷಕ್ಕೆ ತೆರೆಯುತ್ತೆ. ಫೋಟೋಗಳೆಲ್ಲ ಹಾಗೇ ಇವೆ. ಒಂದೇ ಒಂದು ವೈರಸ್ ಸಿಕ್ತು. ದಿನಾ ಒಂದು ಗಂಟೆಗೆ 'ಊಟ ಮಾಡಿದ್ಯಾ? ಮಾತ್ರೆ ತಗೊಂಡ್ಯಾ?' ಅಂತ ಪರದೆ ಮೇಲೆ ಬರೋ ಹಾಗೆ ಯಾರೋ ತರಲೆಗಳು ಮಾಡಿಟ್ಟಿದ್ರು. ಬುಡಸಮೇತ ಕಿತ್ತುಹಾಕಿದೆ."

ಆಕೆ ಪರದೆಯತ್ತ ಬಾಗಿ ನೋಡಿದಳು.

"ಇನ್ನು ಬರಲ್ವಾ?"

"ಯಾವತ್ತೂ ಬರಲ್ಲ ಅಕ್ಕ. ನೀವೇನೂ ಹೆದರಬೇಡಿ."