ನಡುಗದ ಪೆಟ್ಟಿಗೆ

ಮೆಕ್ಯಾನಿಕ್ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟ. ಒಂದಿಷ್ಟೂ ನಡುಕವಿಲ್ಲ. ಹೊಲಿಗೆ ಘಟಕದ ಡೀಸೆಲ್ ಜನರೇಟರನ್ನು ಹದಿನೆಂಟು ವರ್ಷ ಅವನು ಹೀಗೇ ಮುಟ್ಟಿ ನೋಡಿದ್ದ. ನಡುಗಿದರೆ ಜೀವ ಇದೆ, ಇಲ್ಲದಿದ್ದರೆ ಇಲ್ಲ. ಚಾವಣಿಯ ಸೋಲಾರ್ ಕರೆಂಟು ಇಳಿದು ಬರುವ ಈ ಹೊಸ ಪೆಟ್ಟಿಗೆಯನ್ನು ಇವತ್ತಷ್ಟೇ ಅವನ ಸುಪರ್ದಿಗೆ ಕೊಟ್ಟಿದ್ದರು. ಮೊದಲ ದಿನವೇ ಕೈಕೊಟ್ಟಿತಲ್ಲ! ಕೆಟ್ಟ ಪೆಟ್ಟಿಗೆಗೆ ಕರೆಂಟು ನುಗ್ಗಿ ಇನ್ನೇನು ಸುಟ್ಟುಹೋದೀತೆಂದು ಮೇನ್ ಸ್ವಿಚ್ ಕೆಳಗೆಳೆದ. ಒಳಗೆ ಮೂವತ್ತು ಹೊಲಿಗೆ ಯಂತ್ರಗಳು ಒಟ್ಟಿಗೆ ನಿಂತವು.

"ಸತ್ತೋಗಿದೆ ಕಣೇ ಅದು!" ಬಾಗಿಲಲ್ಲಿ ನಿಂತು ಜನರೇಟರ್ ಸದ್ದಿನ ಕಾಲದ ಗಂಟಲಲ್ಲೇ ಕೂಗಿದ.

"ಮೆತ್ತಗೆ ಹೇಳ್ರೀ, ನಮ್ಗೆ ಕಿವಿ ಚೆನ್ನಾಗೇ ಕೇಳತ್ತೆ," ಎಂದಳು ಎರಡನೇ ಸಾಲಿನಲ್ಲಿದ್ದ ಹೆಂಡತಿ. "ಇಷ್ಟೊತ್ತೂ ಹೊಲೀತಾನೇ ಇದ್ವಿ. ಸಾಯಿಸಿದ್ದು ಯಾರು?" ಇನ್ನು ಡೀಸೆಲ್ ದುಡ್ಡು ಉಳಿಯುವುದರಿಂದ ಹೊಸದಾಗಿ ಕೆಲಸ ಸಿಕ್ಕಿದ್ದ ಪಕ್ಕದ ಬೀದಿಯ ಹತ್ತು ಹೆಂಗಸರು ಕಿಸಕ್ಕೆಂದು ನಕ್ಕರು.

ಪೆಚ್ಚಾಗಿ ಹೋಗಿ ಸ್ವಿಚ್ ಮೇಲಕ್ಕೆತ್ತಿ ಬಂದ. ಅನುಮಾನ ಮಾತ್ರ ಹೋಗಲಿಲ್ಲ. "ನಡುಗೋದೇ ಇಲ್ವಲ್ಲೇ ಅದು. ಮತ್ತೆ ನಾನು ನೋಡ್ಕೊಳ್ಳೋದಾದ್ರೂ ಏನನ್ನ?" "ಇದನ್ನ," ಎಂದು ಹೆಂಡತಿ ಅವನ ಕೈ ಎಳೆದು ತನ್ನ ಯಂತ್ರದ ಮೇಜಿಗೆ ಒತ್ತಿಹಿಡಿದು, ಪೆಡಲ್ ತುಳಿದಳು. ಅಂಗೈಯೊಳಗೆ ಅದೇ ಹಳೆಯ ನಡುಕ ಜುಮ್ಮೆಂದಿತು. ಕೈ ತೆಗೆಯಬೇಕೋ ಬೇಡವೋ ಅವನಿಗೆ ತಿಳಿಯಲಿಲ್ಲ.